ಕೆಂಪಿಗೆ ಕಾದಿದ್ದವಳು

ಶಹಾಪುರದ ಪಂಪಣ್ಣ ಸಾಹುಕಾರರ ಹತ್ತಿ ಮಿಲ್ಲಿನಲ್ಲಿ ಅವತ್ತು ಎಲ್ಲರೂ ಆರಾಮಾಗಿದ್ದರು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಮಿಲ್ಲಿನ ಇಂಜಿನಿಯರ್ ನುಜ್ಹತ. ಆಫೀಸಿನ ಕಂಪ್ಯೂಟರಿನಲ್ಲಿ ಮೂರನೇ ಜಿನ್ ಯಂತ್ರದ ದೀಪ ಹಸಿರಾಗಿತ್ತು. ಮಿಲ್ಲಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ನುಜ್ಹತ ಮಾತ್ರ ಆ ಹಸಿರನ್ನು ಕಂಡು ಚಡಪಡಿಸುತ್ತಿದ್ದಳು.

ಸುರಪುರದ ಗಾದಿ ಹೊಲಿಯುವ ಚಾಂದಪಾಶಾನ ಮಗಳು ಈಕೆ. ಅಪ್ಪ ಹತ್ತಿ ಹಿಂಜಿ ಮಗಳನ್ನು ಓದಿಸಿದ, ಮಗಳು ಓದಿಯೂ ಹತ್ತಿಯನ್ನು ಬಿಡಲಿಲ್ಲ. ಬೆಳಗಿನ ಬಸ್ಸಿಗೆ ಶಹಾಪುರಕ್ಕೆ ಬಂದು ಮಿಲ್ಲಿನ ಯಂತ್ರ ನೋಡಿಕೊಳ್ಳುವುದು, ಸಂಜೆಯ ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂ.ಟೆಕ್ ಥೀಸಿಸ್ ಬರೆಯುವುದು. ಥೀಸಿಸ್ಸಿನ ವಿಷಯ ಬೆಂಕಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಬೇರಿಂಗ್ ಕೆಡುವ ಮೊದಲು ಬಿಸಿಯೇರುತ್ತದೆ, ಅದಕ್ಕೆ ಹತ್ತಿಯ ಎಳೆ ತಾಗಿದರೆ ಮಿಲ್ಲೇ ಬೂದಿ. ಅದಕ್ಕೆಂದೇ ಪ್ರತಿ ಬೇರಿಂಗಿಗೂ ಶಾಖ ಅಳೆಯುವ ಬೆರಳಷ್ಟು ಸೆನ್ಸರ್ ಅಂಟಿಸಿದ್ದಳು. ಹಸಿರಾದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಯಂತ್ರ ನಿಲ್ಲಿಸಬೇಕು.

ಕೆಂಪು ಒಮ್ಮೆಯಾದರೂ ಬರಬೇಕು, ಯಂತ್ರ ಬಿಚ್ಚಿದಾಗ ಬೇರಿಂಗ್ ಕೆಟ್ಟಿರಬೇಕು. ಆಗಷ್ಟೇ ಅವಳು ಬರೆದದ್ದು ನಿಜವಾಗುತ್ತದೆ. ಮುಂದೂಡಿ ಮುಂದೂಡಿ ಈ ತಿಂಗಳ ಕೊನೆಗೆ ಬಂದು ನಿಂತ, ಥೀಸಿಸ್ ಕೊಡುವ ಕಡೇ ದಿನ ತಪ್ಪಿದರೆ ಇಷ್ಟು ವರ್ಷದ ಓದು ನೀರುಪಾಲು. ಮೂರನೇ ಜಿನ್ನು ಬಿಸಿಯೇರುತ್ತ ಏರುತ್ತ ನಿನ್ನೆ ಹಳದಿಗೆ ಬಂದಿತ್ತು. ಇನ್ನೇನು ಕೆಂಪೇ ಎಂದು ಹಿಗ್ಗಿ, ಗೈಡ್ ಭೀಮಾಶಂಕರ ಸರ್ ಅವರಿಗೆ ಫೋನ್ ಮಾಡಿ ಕರೆಸಿದ್ದಳು. ಅವರು ಯಾದಗಿರಿಯಿಂದ ಬಂದು ಪರದೆಯ ಮುಂದೆ ಕೂತರೆ ಹಾಳಾದ್ದು ಹಸಿರು!

“ಎಲ್ಲೈತವಾ ನಿನ್ನ ಕೆಂಪು?” ಎಂದರು ಸರ್.

“ನಿನ್ನಿ ಹಳದಿ ಇತ್ರಿ ಸರ್. ಬೇರಿಂಗ್ ತಾನಾಗೇ ಆರಾಮ ಆಗೂದಿಲ್ರಿ.”

“ಹಂಗಾರ ನಿನ್ನ ಸೆನ್ಸರ್ ಸುಳ್ಳು ಹೇಳಾಕತ್ತೈತಿ. ಇದಕ್ಕ ನಾ ಸಹಿ ಹಾಕೂದಿಲ್ಲ ನೋಡು.”

ಪಂಪಣ್ಣ ಸಾಹುಕಾರರಿಗೆ ನಗು ಬಂತು. “ಹಸರು ಬಂದ್ರ ಅಳೋರನ್ನ ಇಲ್ಲೇ ನೋಡಿದ್ನಿ. ವಡಗೇರಾದ ಹತ್ತಿ ಗಾಡಿ ಬಂದು ನಿಂತಾವ. ಜಿನ್ ಓಡ್ಲಿ ಬಿಡವಾ.”

ನುಜ್ಹತ ಎದ್ದು ಜಿನ್ನುಗಳ ಶೆಡ್ಡಿನ ಬಾಗಿಲಿಗೆ ಬಂದಳು. ಅಲ್ಲಿ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಸಣ್ಣವಳಿದ್ದಾಗ ಅಪ್ಪನ ಅಂಗಡಿಯಲ್ಲಿ ಬೀಡಿಯ ಕಿಡಿ ಬಿದ್ದ ಗಾದಿಯೊಂದನ್ನು ಕಂಡಿದ್ದಳು. ಮೇಲೆ ಏನೂ ಕಾಣುವುದಿಲ್ಲ, ಒಳಗೊಳಗೇ ತಿನ್ನುತ್ತದೆ. ಇದು ಅದೇ ವಾಸನೆ.

ಗೋಡೆಯ ಮೇಲೆ ಯಂತ್ರ ನಿಲ್ಲಿಸುವ ಸ್ವಿಚ್ಚು. ಪರದೆ ಹಸಿರಿರುವಾಗ ಅದನ್ನು ಒತ್ತುವುದೆಂದರೆ, ನನ್ನ ಥೀಸಿಸ್ ಸುಳ್ಳು ಎಂದು ಗೈಡಿನ ಎದುರೇ ಒಪ್ಪಿಕೊಂಡಂತೆ. ಒತ್ತದಿದ್ದರೆ, ಒಳಗೆ ಹತ್ತಿಯ ರಾಶಿಯ ನಡುವೆ ಹೆಂಗಸರು ಕೆಲಸಕ್ಕಿದ್ದಾರೆ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಹಾಳಾಗಿ ಹೋಗಲಿ ಎಂದು ಸ್ವಿಚ್ ಒತ್ತಿಯೇಬಿಟ್ಟಳು.

ಜಿನ್ನುಗಳ ಗದ್ದಲ ಅಡಗಿತು. “ಏನ್ ಮಾಡ್ದಿ?” ಎನ್ನುತ್ತ ಸಾಹುಕಾರರು ಓಡಿ ಬಂದರು, ಹಿಂದೆ ಸರ್ ಬಂದರು. ನುಜ್ಹತ ಆಗಲೇ ಮೂರನೇ ಜಿನ್ನಿನ ಕೆಳಗೆ ಬಾಗಿದ್ದಳು. ಬೇರಿಂಗಿಗೂ ಸೆನ್ಸರಿಗೂ ಸೇರಿಸಿ ಯಾರೋ ಒದ್ದೆ ಗೋಣಿಚೀಲ ಸುತ್ತಿದ್ದರು. ಕಿತ್ತಳು. ಆಚೆ ಬದಿಯಲ್ಲಿ ನೀರು ತಾಗದ ಕಡೆ ಹತ್ತಿಯ ಎಳೆ ಕಪ್ಪಾಗಿ, ಅಂಚಿನಲ್ಲಿ ಕೆಂಡ ಹರಿಯುತ್ತಿತ್ತು. ಅದೇ ಗೋಣಿಯನ್ನು ಅದುಮಿ ಹಿಡಿದು ಆರಿಸಿದಳು. ಸಾಹುಕಾರರು ಕೆಲಸದವರ ಕಡೆ ತಿರುಗಿದರು.

“ಯಾವನದು ಈ ಗೋಣಿ?”

ಮುಂದೆ ಬಂದವನು ಅಮಾತೆಪ್ಪ ಮಿಸ್ತ್ರಿ. ಕಾದ ಬೇರಿಂಗಿಗೆ ಒದ್ದೆ ಗೋಣಿ ಹಾಕಿ ಕೆಲಸ ದೂಡುವುದು ಮಿಲ್ಲಿನ ಹಳೇ ರೂಢಿ. ಆದರೆ ಇವತ್ತಿನ ಕಾರಣ ಬೇರೆಯೇ ಇತ್ತು.

“ನಾನ್ರೀ,” ಎಂದ. “ನಿನ್ನಿ ಹಳದಿ ಬಂದಾಗಿಂದ ಮೇಡಂ ಕುಂತಲ್ಲಿ ಕೂಡವಲ್ರು. ದೊಡ್ಡ ಸರ್ ಬರೂ ದಿನ ಕೆಂಪು ಬಂದ್ರ ಫೇಲ್ ಮಾಡ್ತಾರಂತ ತಿಳಕೊಂಡ್ನಿ. ಮುಂಜಾನಿಂದ ನೀರು ಹಾಕಾಕತ್ತೇನಿ.”

“ನಾಳಿಂದ ನೀ ಬರಬ್ಯಾಡ!” ಸಾಹುಕಾರರು ಗುಡುಗಿದರು.

ನುಜ್ಹತಳ ನಾಲಿಗೆಗೂ ಬೈಗುಳವೇ ಬಂದಿತ್ತು. ಆದರೆ ಅವಳು ಕಾಲೇಜಿನ ಮಂದಿಗೆಲ್ಲ ಚಿತ್ರ ತೋರಿಸಿ ವಿವರಿಸಿದ್ದಳು, ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದಿದ್ದಳು. ದಿನವೂ ಪಕ್ಕದಲ್ಲಿ ನಿಲ್ಲುವ ಅಮಾತೆಪ್ಪನಿಗೆ ಮಾತ್ರ ‘ಸೆನ್ಸರ್ ಮುಟ್ಟಬ್ಯಾಡ್ರಿ’ ಎಂದಷ್ಟೇ ಹೇಳಿದ್ದಳು. ಪಾಪ, ಅವನು ಮುಟ್ಟಿರಲೂ ಇಲ್ಲ, ಮೇಲೆ ಗೋಣಿ ಹೊದಿಸಿದ್ದ. ಅವಳಿಗೆ ನಾಚಿಕೆಯಾಯಿತು.

“ತಪ್ಪು ನಂದ್ರಿ ಸಾಹುಕಾರ್ರ. ಅವರನ್ನ ತಗದ್ರ ನನ್ನೂ ತಗೀರಿ.”

ಸಾಹುಕಾರರು ಕೆಂಡ ಆರಿದ ಜಾಗ ನೋಡಿ, “ಆತು, ಇಬ್ರೂ ಇರ್ರಿ,” ಎಂದರು. ಸರ್ ಮಾತ್ರ ಕಾರು ಹತ್ತುವಾಗ ಕಡ್ಡಿ ಮುರಿದಂತೆ ಹೇಳಿದರು: “ಗೋಣಿ ಸುತ್ತಿದ ರೀಡಿಂಗ್ ನಡಿಯೂದಿಲ್ಲ. ಈ ತಿಂಗಳೊಳಗ ಒಂದು ಖರೇ ಕೆಂಪು ತೋರ್ಸು.”

ಅಂದೇ ಅಮಾತೆಪ್ಪನನ್ನು ಪರದೆಯ ಮುಂದೆ ಕೂರಿಸಿದಳು. “ಕಾಕಾ, ಕೆಂಪು ಬಂದ್ರನ ನಾ ಪಾಸು. ಬಂದಕೂಡ್ಲೇ ಯಾರನ್ನೂ ಕೇಳಬ್ಯಾಡ್ರಿ, ಸ್ವಿಚ್ ಒತ್ರಿ.”

“ಸಾಹುಕಾರ್ರು ಬೈದ್ರ?”

“ನನ್ನ ಹೆಸರು ಹೇಳ್ರಿ.”

ಆಮೇಲಿನ ದಿನಗಳು ಜೀವ ಹಿಂಡಿದವು. ಕಕ್ಕೇರಾದ ಕಡೆಯ ಹತ್ತಿ ಕಡಿಮೆಯಾಯಿತು, ಸೀಜನ್ ಮುಗಿಯುತ್ತ ಬಂತು. ಮೂರನೇ ಜಿನ್ನಿಗೂ ಹೊಸ ಬೇರಿಂಗ್ ಹಾಕಿದ್ದರಿಂದ ದೀಪಗಳೆಲ್ಲ ಹಸಿರೋ ಹಸಿರು. ತಿಂಗಳ ಕೊನೆಯ ವಾರ ಒಂದು ದಿನ ಸಂಜೆಯ ಬಸ್ಸಿನಲ್ಲಿ ಅವಳು ಲ್ಯಾಪ್‌ಟಾಪನ್ನು ತೆರೆಯಲೂ ಇಲ್ಲ. ಮನೆಯಲ್ಲಿ ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಫೋನ್ ಬಂತು.

“ಯವ್ವಾ, ಐದನೇದು ಕೆಂಪಾತು!” ಅಮಾತೆಪ್ಪ ಏದುತ್ತಿದ್ದ. “ಬಂದ್ ಮಾಡೀನಿ. ಬಿಚ್ಚಿದ್ರ ಬೇರಿಂಗಿನ ಗುಂಡು ಒಡದಾವ. ನೀರು ಹಾಕಿಲ್ಲ, ಗೋಣಿ ಮುಟ್ಟಿಲ್ಲ. ಸಾಹುಕಾರ್ರು ಬೈಯಾಕತ್ತಾರ, ಬೈಲಿ. ಪಾಸಾದ್ರಿಲ್ಲೋ?”

ಬಸ್ಸಿನ ತುಂಬ ಜನ ತನ್ನನ್ನೇ ನೋಡುತ್ತಿದ್ದರೂ ನುಜ್ಹತ ಅಳು ತಡೆಯಲಿಲ್ಲ.

“ಪಾಸಾದ್ವಿ ಕಾಕಾ,” ಎಂದಳು. “ಇಬ್ರೂ ಪಾಸಾದ್ವಿ.”