ನನಗೆ ತೋರಿಸದೆ ಒತ್ತಬಾರದು

ಕುಂದಗೋಳ ತಾಲೂಕಿನ ಒಂದು ಪದವಿ ಕಾಲೇಜಿನಲ್ಲಿ ನಾನು ಗುಮಾಸ್ತ. ಪರೀಕ್ಷೆಯ ಅರ್ಜಿಯನ್ನು ಈಗ ಮಕ್ಕಳು ತಮ್ಮ ಮೊಬೈಲಿನಲ್ಲೇ, ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ತುಂಬುತ್ತಾರೆ. ಸಬ್ಮಿಟ್ ಒತ್ತಿದ ಮೇಲೆ ತಿದ್ದಲು ಬರುವುದಿಲ್ಲ. ತಪ್ಪಾದರೆ ಪತ್ರ ಹಿಡಿದು ಓಡಾಡುವವನು ನಾನು. ಅದಕ್ಕೇ ನನ್ನ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದ್ದೆ: ನನಗೆ ತೋರಿಸದೆ ಸಬ್ಮಿಟ್ ಒತ್ತಬಾರದು. ಈ ನಿಯಮ ವಿಶ್ವವಿದ್ಯಾಲಯದ್ದಲ್ಲ, ನನ್ನದು.

ಒಬ್ಬ ಹುಡುಗಿ ಸಂಶಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ನಾಲ್ಕನೆಯ ಸೆಮಿಸ್ಟರಿನಲ್ಲಿ ಒಂದು ವಿಷಯ ತಪ್ಪಾಗಿ ಆರಿಸಿ, ನನಗೆ ತೋರಿಸದೆ ಒತ್ತಿಬಿಟ್ಟಿದ್ದಳು. ಸಾಲಿನಲ್ಲಿ ನಿಂತವರ ಮುಂದೆಯೇ ಬೈದೆ.

"ಕಣ್ಣು ಎಲ್ಲಿಟ್ಟಿದ್ದಿ? ಇನ್ನೊಮ್ಮೆ ಹಿಂಗ ಒತ್ತಿದಿ ಅಂದ್ರ ನೀನ ಹೋಗಿ ತಿದ್ದಿಸ್ಕೊಂಡು ಬಾ."

ಯಾರೋ ನಕ್ಕರು. ನಾನೂ ನಕ್ಕೆ ಎಂದು ನೆನಪು.

ಕಡೆಯ ಸೆಮಿಸ್ಟರ್ ಬಂತು. ಮುಗಿದರೆ ಬಿ.ಎಡ್.ಗೆ ಕಳಿಸಲು ಮನೆಯವರನ್ನು ಹೇಗೋ ಒಪ್ಪಿಸಿದ್ದಳು. ಅರ್ಜಿಗೆ ಕೊನೆಯ ದಿನ ಸಂಜೆ ಐದರವರೆಗೆ ಸಮಯವಿತ್ತು. ಅಂದು ನಾನು ಕಚೇರಿ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ಆಕೆ ಹನ್ನೊಂದಕ್ಕೆ ಬಂದು, ಅರ್ಜಿ ತುಂಬಿ, ನನ್ನ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತಳು. ಒತ್ತಿ ಮನೆಗೆ ಹೋಗು ಎಂದು ಸಿಪಾಯಿ ಹೇಳಿದನಂತೆ. ಒತ್ತಲು ಹೋದಾಗಲೆಲ್ಲ ಪರದೆಯ ಮೇಲೆ ಒಂದು ಸಾಲು ಬರುತ್ತದೆ: ಖಚಿತವೇ? ಮುಂದೆ ಬದಲಾಯಿಸಲಾಗದು. ಉಳಿದವರು ಓದದೆಯೇ ದಾಟುವ ಆ ಸಾಲು ಆಕೆಗೆ ನನ್ನ ದನಿಯಲ್ಲಿ ಕೇಳಿಸಿರಬೇಕು. ನನ್ನ ನಂಬರು ಆಕೆಯ ಬಳಿ ಇತ್ತು. ಫೋನ್ ಮಾಡಲಿಲ್ಲ.

ನಾನು ಮರಳಿದಾಗ ಐದೂವರೆ. ಒತ್ತಬೇಕಿತ್ತಲ್ಲವ್ವಾ ಎಂದೆ.

"ನಿಮಗ ತೋರಿಸಿ ಒತ್ತೂಣು ಅಂತ ಕುಂತಿದ್ನಿರಿ, ಸರ."

ಮರುದಿನ, ಆಕೆಯ ಅರ್ಜಿ ತೆಗೆದುಕೊಳ್ಳಿ ಎಂದು ಕೇಳಲು ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿದರು. ಅರ್ಜಿ ಒಂಬತ್ತು ಸಲ ಕೊನೆಯ ಪುಟದವರೆಗೆ ಬಂದು ಹಿಂದಕ್ಕೆ ಹೋಗಿತ್ತು.

"ಪರೀಕ್ಷೆ ಬರಿಯೂ ಮನಸ್ಸ ಇದ್ದಂಗಿಲ್ಲ ಬಿಡ್ರಿ ಆ ಹುಡುಗಿಗೆ," ಎಂದು ನಿರಾಕರಿಸಿದರು.

ಚೀಟಿಯ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಏನಾದರೂ ಬದಲಾಗುತ್ತಿತ್ತೋ ಗೊತ್ತಿಲ್ಲ. ಹೇಳಲಿಲ್ಲ ಎಂಬುದು ಗೊತ್ತು.

ಮತ್ತೆರಡು ದಿನಕ್ಕೆ ಆಕೆ ಏನಾಯಿತೆಂದು ಕೇಳಲು ಬಂದಳು. ಸಿಸ್ಟಮ್ಮಿನ ತಪ್ಪು, ಮುಂದಿನ ವರ್ಷ ಬರೆಯಬಹುದು ಎಂದೆ. ಮುಂದಿನ ವರ್ಷ ಮನೆಯಿಂದ ಕಳಿಸುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

"ಸಿಸ್ಟಮ್‌ದೇನೂ ತಪ್ಪಿಲ್ರಿ, ಸರ. ಅಂಜಿಕಿ ನಂದ ಜಾಸ್ತಿ."

ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ನಾನು ಆಕೆಯ ಹಿಂದೆ ನಿಂತಿದ್ದವರನ್ನು ಕರೆದೆ.