ಆಮೆಮರಿಯ ತೂಕ

ನಮ್ಮ ಬೀದಿಯ ದರ್ಜಿ ಬಟ್ಟೆಯ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿದವನಲ್ಲ. ತನ್ನ ಆಮೆಮರಿಯ ತೂಕದಲ್ಲಿ ಮಾತ್ರ ಕಳ್ಳಾಟವಾಡಿದ. ತರಕಾರಿ ಮಾರುವ ಅವನ ಅಕ್ಕ, "ಬರೀ ಬನ್ನು ತಿನ್ನಿಸ್ತೀಯ. ಈ ತಿಂಗಳೂ ಮರಿ ತೂಕ ಏರದಿದ್ರೆ ನಾನೇ ಸಾಕ್ಕೋತೀನಿ" ಎಂದು ಗದರಿದ್ದಳು. ಸ್ನಾನ ಮಾಡಿಸಿದರೆ ಆಮೆ ಹೊಟ್ಟೆ ತುಂಬ ನೀರು ಕುಡಿಯುವುದೆಂದು ದರ್ಜಿ ಬಲ್ಲ. ಮರಿಯನ್ನು ಚೆನ್ನಾಗಿ ನೆನೆಸಿ, ಒರೆಸಿ, ಅಕ್ಕನ ತಕ್ಕಡಿಯ ಮೇಲಿಟ್ಟ.

"ನೋಡಕ್ಕಾ, ಹೇಗೆ ಏರಿದೆ!" ಎಂದು ಬೀಗುತ್ತಿದ್ದಂತೆಯೇ ಮರಿ ಅಲ್ಲೇ ಉಚ್ಚೆ ಹೊಯ್ದಿತು. ಅಕ್ಕ ತಟ್ಟೆ ಒರೆಸಿ ಮತ್ತೆ ತೂಗಿದಳು. ಮುಳ್ಳು ಹಳೆಯ ಜಾಗಕ್ಕೇ ಬಂದು ನಿಂತಿತು.

"ನನಗೇ ಟೋಪಿ ಹಾಕ್ತೀಯೇನೋ, ಕಳ್ಳ?" ಎಂದು ನಗುತ್ತ ಅವಳು ಮರಿಯನ್ನು ಸೊಪ್ಪಿನ ಬುಟ್ಟಿಗಿಳಿಸಿದಳು. ಅದು ಗಬಗಬನೆ ಮೇಯತೊಡಗಿತು.

ಮರುದಿನ ದರ್ಜಿ ತನ್ನ ಹೊಲಿಗೆಯಂತ್ರವನ್ನೇ ಹೊತ್ತು ತಂದು ಆ ಬುಟ್ಟಿಯ ಪಕ್ಕದಲ್ಲಿ ಹಾಕಿಕೊಂಡು ಕೂತ.