‘ಇಲ್ಲಿ ಹಾಸ್ಯ’ ಎಂದು ಬರೆದ ಜಾಗ

ಎಪ್ಪತ್ತರ ದಶಕದ ನಡುವಿನ ಕೆಲವು ವರ್ಷ ನಾನು ಸೊಲ್ಲಾಪುರದ ಒಂದು ಕನ್ನಡ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಭಾನುವಾರದ ಸಂಚಿಕೆಗೆ ನಮ್ಮ ಸಂಪಾದಕರು ಒಂದು ಅಂಕಣ ಶುರು ಮಾಡಿದ್ದರು. ಈ ಕಾಲದ ಯಾವುದಾದರೂ ತೊಂದರೆಯ ಬಗ್ಗೆ ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೇಳಬೇಕು. ಒಬ್ಬರು ವಿಷಯ ಬಲ್ಲವರು, ಇನ್ನೊಬ್ಬರು ನಗಿಸುವವರು. ಎಡಗಡೆ ತಜ್ಞರ ಉತ್ತರ, ಬಲಗಡೆ ಹಾಸ್ಯಗಾರರದು, ನಡುವೆ ಒಂದು ಗೆರೆ. ನನ್ನ ಅಭಿಪ್ರಾಯ ಎಲ್ಲಿಯೂ ಕಾಣಿಸಕೂಡದು. ಅಚ್ಚಿಗೆ ಹೋಗುವ ಮೊದಲು ಅವರವರ ಮಾತನ್ನು ಅವರಿಗೇ ಓದಿ ತೋರಿಸಬೇಕು. ಇವು ಸಂಪಾದಕರ ಕಟ್ಟಳೆಗಳು.

ತಜ್ಞರಿಗೆ ಊರಿನಲ್ಲಿ ಕೊರತೆ ಇರಲಿಲ್ಲ. ನಗಿಸುವವರು ಸಿಗುವುದು ಕಷ್ಟವಾಗಿತ್ತು. ಅದೇ ಚಳಿಗಾಲದಲ್ಲಿ ಅಕ್ಕಲಕೋಟದ ಬಜಾರದ ಹಿಂದಿನ ಬಯಲಿನಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರು ಕಟ್ಟಿ ಕ್ಯಾಂಪು ಹೂಡಿತು. ಅದರ ಹಾಸ್ಯಗಾರರು ಅರವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಜನ ಒಬ್ಬರ ಮನೆಗೊಬ್ಬರು ಹೋಗುವುದು ಏಕೆ ಕಡಿಮೆಯಾಯಿತು ಎಂಬ ಪ್ರಶ್ನೆಯೊಂದಿಗೆ ಸಂಕ್ರಾಂತಿಯ ಮುಂಚೆ ಮೊದಲ ಸಲ ಅವರ ಬಳಿ ಹೋದೆ. ಸೊಲ್ಲಾಪುರದ ಪ್ರಾಧ್ಯಾಪಕರೊಬ್ಬರು ಇದೇ ಪ್ರಶ್ನೆಗೆ ನಗರ, ಗಿರಣಿ, ಕಾರ್ಮಿಕರ ಸಾಲುಮನೆಯ ಚಾಳುಗಳ ಬಗ್ಗೆ ಒಂದು ತಾಸು ಮಾತಾಡಿದ್ದರು. ಇವರು ತಂಬಾಕು ತಿಕ್ಕುತ್ತ ಹೇಳಿದರು:

“ಎಲ್ಲಾರ ಮನ್ಯಾಗೂ ರೇಡಿಯೋ ಬಂದೈತ್ರಿ. ಮಾತಾಡತೈತಿ, ಹಾಡತೈತಿ. ಚಾ ಮಾತ್ರ ಕೇಳಂಗಿಲ್ಲ. ಇನ್ನ ಮನಶ್ಯಾ ಯಾಕ ಬೇಕ್ರಿ?”

ಮುಂದಿನ ವಾರದ ಪ್ರಶ್ನೆ ಹಾಲಿನ ಕಲಬೆರಕೆ. ಅಧಿಕಾರಿಯೊಬ್ಬರು ಕಾಯಿದೆಯ ಕಲಮುಗಳನ್ನು ಹೇಳಿದರು. ಇವರು, ಇಲ್ಲಿಯ ನೀರು ನೋಡಿದರೆ ಅದರಲ್ಲಿ ಹಾಲು ಹಾಕಿ ಕುಡಿಯುವ ಹಾಗೆ ಮಾಡುವ ಗೌಳಿಗೆ ಹಾರ ಹಾಕಬೇಕು ಎಂದರು. ಓದುಗರ ಪತ್ರಗಳು ಬರತೊಡಗಿದವು. ಎಲ್ಲವೂ ಬಲಗಡೆಯ ಬಗ್ಗೆ.

ಅವರನ್ನು ಪರಿಚಯಿಸುವಾಗ ನಾನು ಒಂದು ಸಾಲು ಬರೆದಿದ್ದೆ. ದೀಪಾವಳಿಯಿಂದ ಅವರ ದನಿ ಒಡೆದಿದೆ, ಕಾಳಿಲ್ಲದೆ ಬೀಸುವ ಬೀಸುಕಲ್ಲಿನಂತೆ ಕೇಳುತ್ತದೆ, ಆ ದನಿ ಬಂದ ಮೇಲೆ ಜನ ಮೊದಲಿಗಿಂತ ಹೆಚ್ಚು ನಗುತ್ತಿದ್ದಾರೆ ಎಂದು. ಕಂಡದ್ದನ್ನು, ಕಂಪನಿಯವರಿಂದ ಕೇಳಿದ್ದನ್ನು ಇದ್ದಂತೆ ಬರೆದ ಸಾಲು. ಬರೆದಾಗ ಹೆಮ್ಮೆಯೂ ಆಗಿತ್ತು.

ಮೂರನೆಯ ಪ್ರಶ್ನೆ ಊರಿನ ಗದ್ದಲದ್ದು. ಧ್ವನಿವರ್ಧಕ, ಲಾರಿ, ಮಗ್ಗಗಳ ಸದ್ದು. ಎಡಗಡೆಗೆ ಕಿವಿ, ಮೂಗು, ಗಂಟಲಿನ ಡಾಕ್ಟರರನ್ನು ಗೊತ್ತು ಮಾಡಿದೆ. ಅವರು ಸೊಲ್ಲಾಪುರದ ಅಡತಿ ದಲ್ಲಾಳಿ ವ್ಯಾಪಾರದ ಮನೆತನದವರು. ಮರಾಠಿ ಸಾಲೆಯಲ್ಲಿ ಓದಿದ್ದರಿಂದ ಕನ್ನಡ ಮಾತಾಡುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ನಮ್ಮ ಅಂಕಣವನ್ನು ಭಾನುವಾರ ಬೆಳಿಗ್ಗೆ ಅವರ ತಾಯಿ ಓದಿ ಹೇಳುತ್ತಿದ್ದರು. ಗದ್ದಲದ ಬಗ್ಗೆ ಉತ್ತರ ಮುಗಿಸಿ ಡಾಕ್ಟರರು ನನಗೆ ಪ್ರಶ್ನೆ ಕೇಳತೊಡಗಿದರು. ಬೀಸುಕಲ್ಲಿನ ದನಿ ಎಂದು ಬರೆದಿದ್ದೀರಲ್ಲ, ಬೆಳಿಗ್ಗೆಗೂ ಸಂಜೆಗೂ ಅದರಲ್ಲಿ ಫರಕು ಇದೆಯೇ? ನುಂಗುವಾಗ ಕಿವಿ ಹಿಡಿದುಕೊಳ್ಳುತ್ತಾರೆಯೇ? ಎರಡಕ್ಕೂ ಉತ್ತರ ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು. ಫರಕು ಇಲ್ಲ. ರೊಟ್ಟಿ ತಿನ್ನುವಾಗ ಎಡಗಿವಿಯ ಮೇಲೆ ಕೈ ಇಡುತ್ತಾರೆ. ಅದನ್ನೂ ನಗಿಸುವ ಚಾಳಿ ಎಂದುಕೊಂಡು ಬರೆದಿಟ್ಟಿದ್ದೆ.

ಡಾಕ್ಟರರು ಪೆನ್ನಿನ ಟೋಪಿ ಹಾಕಿದರು. “ಈ ವಾರನ ಕರಕೊಂಡ ಬರ್ರಿ ಅವರನ್ನ. ಮುಂದಿನ ವಾರ ಅನಬ್ಯಾಡ್ರಿ. ಬಘೂನ, ಅಂದ್ರ ನೋಡಿದ ಮ್ಯಾಲ, ನಿಕ್ಕಿ ಹೇಳತೀನಿ, ಖರೇ, ಕೇಳಿದ್ದು ಚಲೋ ಅನಸವಲ್ದು.”

ಮರುದಿನ ಬೆಳಗಿನ ಎಸ್‌.ಟಿ.ಯಲ್ಲಿ ಅಕ್ಕಲಕೋಟಕ್ಕೆ ಹೋದೆ. ಬಸ್ಸಿನ ತುಂಬ ಅಲ್ಲಿಯ ಸ್ವಾಮಿಗಳ ಗುಡಿಯ ದರ್ಶನಕ್ಕೆ ಹೊರಟವರು. ಥೇಟರಿನ ಹಿಂದೆ ಹಾಸ್ಯಗಾರರು ಕುಳಿತಿದ್ದರು, ಅವರ ಹೆಂಡತಿ ಪಕ್ಕದಲ್ಲಿ ಒಲೆಯ ಮುಂದಿದ್ದರು. ವಿಷಯವನ್ನು ಮೆಲ್ಲಗೆ, ಆದರೆ ಪೂರ್ತಿಯಾಗಿ ಹೇಳಿದೆ. ಹಾಸ್ಯಗಾರರು ಕೇಳಿ, ನಗಿಸಲು ನೋಡಿದರು.

“ನಲವತ್ತ ವರ್ಷ ದನಿ ನೆಟ್ಟಗಿತ್ರಿ ಸಾಹೇಬ್ರ, ಯಾರೂ ಹೆಂಗೈತಿ ಅಂತ ಕೇಳಲಿಲ್ಲ. ಕೆಟ್ಟ ಮ್ಯಾಲ ಡಾಕ್ಟರ ಕೇಳಾಕತ್ತಾನ, ಪೇಪರನವ್ರು ಕೇಳಾಕತ್ತೀರಿ.”

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದರು: “ರಾತ್ರಿ ನೀರು ಸುದ್ದಾ ಇಳೀವಲ್ದ್ರಿ ಯಪ್ಪಾ. ನಿಮ್ಮ ಕೂಡ ಮಾತ್ರ ಹಿಂಗ ಮಾತಾಡತಾರ.”

ಅವರು ಹೆಂಡತಿಯನ್ನು ನೋಡಿದರು. ಆಮೇಲೆ, ಬರುತ್ತೇನೆ, ಮಾಲೀಕರನ್ನು ಒಂದು ಮಾತು ಕೇಳಿಬಿಡಿ ಎಂದರು.

ಕಂಪನಿಯ ಮಾಲೀಕರು ಕೆಟ್ಟವರಲ್ಲ. ಈ ಮಾತನ್ನು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅವರು ಪೆಟ್ಟಿಗೆ ತೆಗೆದು ನಾಟಕದ ಕೈಬರಹದ ಪ್ರತಿಯನ್ನು ನನ್ನ ಮುಂದಿಟ್ಟರು. ನಾಯಕನ ಮಾತು, ನಾಯಕಿಯ ಮಾತು, ಪಹರೆಯವನ ಎರಡು ಸಾಲು ಎಲ್ಲವೂ ದುಂಡಕ್ಷರದಲ್ಲಿದ್ದವು. ನಡುನಡುವೆ ಅರ್ಧ ಪುಟ ಖಾಲಿ. ಖಾಲಿ ಜಾಗದ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಶಬ್ದ: ಇಲ್ಲಿ ಹಾಸ್ಯ. ಕಂಪನಿಗಳ ಪದ್ಧತಿಯೇ ಹಾಗಿತ್ತು. ಹಾಸ್ಯಗಾರ ತನ್ನ ಮಾತನ್ನು ತಾನೇ ಹುಟ್ಟಿಸಬೇಕು, ಊರಿಗೊಂದು ಥರ. ನಾಯಕನಿಗೆ ಜ್ವರ ಬಂದರೆ ಪ್ರತಿ ನೋಡಿ ಬಾಯಿಪಾಠ ಮಾಡಿ ಇನ್ನೊಬ್ಬ ನಿಲ್ಲಬಹುದು. ಹಾಸ್ಯಗಾರರ ಜಾಗದಲ್ಲಿ ನಿಲ್ಲುವವನಿಗೆ ನೋಡಲು ಏನೂ ಇರಲಿಲ್ಲ.

“ಈ ಜಾಗಾ ಯಾರ ತುಂಬತಾರ್ರಿ? ನೀವು ತುಂಬತೀರೇನು?” ಎಂದು ಕೇಳಿದರು ಮಾಲೀಕರು. ವ್ಯಂಗ್ಯವಿರಲಿಲ್ಲ; ಉತ್ತರ ಬೇಕಿತ್ತು. ಕಂಪನಿಯ ಅಷ್ಟೂ ಜನರಿಗೆ ಒಂದೇ ಒಲೆ, ಒಂದು ದಿನದ ಆಟ ನಿಂತರೆ ಒಲೆಯೂ ನಿಲ್ಲುತ್ತದೆ ಎಂದರು. ಎರಡು ವಾರಕ್ಕೆ ಕ್ಯಾಂಪು ಮುಗಿಯುತ್ತದೆ, ಮುಗಿದ ಮರುದಿನ ತಾವೇ ಕರೆದುಕೊಂಡು ಬರುವುದಾಗಿ ಮಾತು ಕೊಟ್ಟರು. ಡಾಕ್ಟರರು ಹೇಳಿದ್ದನ್ನು ನಾನು ಇನ್ನೊಮ್ಮೆ ಹೇಳಿದೆ. ಅವರು ಪ್ರತಿಯನ್ನು ಪೆಟ್ಟಿಗೆಗೆ ಹಾಕಿದರು.

ಕಚೇರಿಗೆ ಬಂದು ಇದನ್ನೇ ಬರೆಯಲೇ ಎಂದು ಸಂಪಾದಕರನ್ನು ಕೇಳಿದೆ. ಬದುಕಿರುವವರ ಕಾಯಿಲೆ ನಮಗೆ ಸುದ್ದಿಯಲ್ಲ ಎಂದರು. ಅದು ಒಳ್ಳೆಯ ಕಟ್ಟಳೆ. ನಾನೂ ಹೊಸಬರಿಗೆ ಅದನ್ನೇ ಕಲಿಸಿದ್ದೇನೆ. ಹಾಗಾಗಿ ಗದ್ದಲದ ಅಂಕಣದಲ್ಲಿ ಡಾಕ್ಟರರ ಒಪ್ಪಿಗೆ ಪಡೆದು ಒಂದು ಮಾತು ಸೇರಿಸಿದೆ: ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ ತಡ ಮಾಡದೆ ಗಂಟಲು ತೋರಿಸಬೇಕು. ಬಲಗಡೆ, ಅದೇ ಸಾಲಿನ ನೇರಕ್ಕೆ, ಹಾಸ್ಯಗಾರರ ಮಾತು ಬಂದಿತ್ತು. ಊರಿನಲ್ಲಿ ಇಷ್ಟು ಗದ್ದಲ ಇರುವುದು ಒಳ್ಳೆಯದೇ, ಹೆಂಡತಿ ಬೈದದ್ದು ಕೇಳಿಸಲಿಲ್ಲ ಎನ್ನಬಹುದು ಎಂದು.

ಆ ಪತ್ರಿಕೆಯನ್ನು ನಾನೇ ಒಯ್ದು ಕೊಟ್ಟೆ. ಕಂಪನಿಯಲ್ಲಿ ಓದಿ ಹೇಳುವ ಕೆಲಸ ಪ್ರಾಂಪ್ಟರನದು, ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನದು. ಅವನು ಇಪ್ಪತ್ತು ವರ್ಷದಿಂದ ಯಾರ ಪಾತ್ರವೋ ಅವರ ಮಾತನ್ನಷ್ಟೇ ಓದಿ ರೂಢಿಯಾದವನು. ಹಾಸ್ಯಗಾರರನ್ನೂ ಅವರ ಹೆಂಡತಿಯನ್ನೂ ಕೂಡಿಸಿಕೊಂಡು ಬಲಗಡೆಯನ್ನು ಸ್ಪಷ್ಟವಾಗಿ ಓದಿದ. ಪತ್ರಿಕೆ ಮಡಿಚಿಟ್ಟ. ಎಡಗಡೆಯನ್ನೂ ಓದು ಎಂದೆ. “ಅದು ಇವರ ಮಾತಲ್ಲರಿ” ಎಂದ. ನಾನೇ ಬಿಡಿಸಿ ಓದಿದೆ. ಅಷ್ಟು ಹೊತ್ತಿಗೆ ಮಾಲೀಕರೂ ಬಂದು ನಿಂತಿದ್ದರು. ಎಲ್ಲರೂ ಕೇಳಿದರು, ಎಲ್ಲರೂ ತಲೆ ಆಡಿಸಿದರು. ಕ್ಯಾಂಪು ಮುಗಿಯಲಿ ಎಂದರು.

ಕ್ಯಾಂಪು ಮುಗಿಯಲಿಲ್ಲ. ವಾಗದರಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಅತ್ತ ಕಂದಲಗಾಂವದಿಂದಲೂ ಎಸ್‌.ಟಿ. ಬದಲಿಸಿ ಬಂದವರಿದ್ದರು. ಮಾಲೀಕರು ಕ್ಯಾಂಪಿನ ದಿನ ಏರಿಸಿದರು. ಮತ್ತೆ ಏರಿಸಿದರು. ಹೊಸ ಹ್ಯಾಂಡ್‌ಬಿಲ್ಲು ಸೊಲ್ಲಾಪುರದ ಬಸ್‌ ನಿಲ್ದಾಣದವರೆಗೂ ಬಂತು. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಬೀಸುಕಲ್ಲಿನ ದನಿಯ ಹಾಸ್ಯ’ ಎಂದಿತ್ತು. ನನ್ನ ಸಾಲು. ಅದನ್ನು ಹಿಂದಕ್ಕೆ ಪಡೆಯುವ ದಾರಿ ನನಗೆ ತಿಳಿಯಲಿಲ್ಲ. ತಪ್ಪು ಬರೆದಿದ್ದರೆ ತಿದ್ದುಪಡಿ ಹಾಕಬಹುದಿತ್ತು. ನಾನು ತಪ್ಪೇನೂ ಬರೆದಿರಲಿಲ್ಲ.

ಹಾಸ್ಯಗಾರರು ಡಾಕ್ಟರರ ಬಳಿ ಬಂದದ್ದು ಯುಗಾದಿ ಕಳೆದ ಮೇಲೆ, ಹೆಂಡತಿಯ ಜೊತೆ. ಆ ಹೊತ್ತಿಗೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. ಡಾಕ್ಟರರು ಗಂಟಲಿಗೆ ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹೊರಗೆ ಬಂದು ನನ್ನ ಮುಖ ನೋಡದೆ ಹೇಳಿದರು: “ನಾ ಹೇಳಿದ ವಾರನ ಬಂದಿದ್ರ ದನಿ ಉಳಸಲಿಕ್ಕೆ ನೋಡಬಹುದಿತ್ತು. ಈಗ ಜೀವಾ ನೋಡೂಣು.”

ಮುಂಬೈಯಲ್ಲಿ ಶಸ್ತ್ರಕ್ರಿಯೆ ಆಯಿತು. ಜೀವ ಉಳಿಯಿತು. ಧ್ವನಿಪೆಟ್ಟಿಗೆ ತೆಗೆದರು. ಗಂಡ ಹೆಂಡತಿ ಅಕ್ಕಲಕೋಟದಲ್ಲೇ ಒಂದು ಕೋಣೆ ಹಿಡಿದರು. ಕಂಪನಿ ಮುಂದಿನ ಊರಿಗೆ ಹೋಗಿತ್ತು.

ಕೆಲವು ತಿಂಗಳ ಮೇಲೆ ಮಾಲೀಕರು ಕಚೇರಿಗೆ ಬಂದರು. ಹೊಸ ಹಾಸ್ಯಗಾರನಿಗೆ ಜನ ನಗುತ್ತಿಲ್ಲ, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಹಳಬರ ಮಾತುಗಳಿವೆಯಲ್ಲ, ನಕಲು ಮಾಡಿಕೊಂಡು ಪುಸ್ತಕ ತಿರುಗಿ ಕೊಡುತ್ತೇನೆ ಎಂದರು. ಮಾತು ಅವರದು, ಅವರನ್ನು ಕೇಳಬೇಕು ಎಂದೆ.

ಒಂದು ಮಧ್ಯಾಹ್ನ ಹಾಸ್ಯಗಾರರ ಕೋಣೆಗೆ ಹೋಗಿ, ಬಂದ ಕಾರಣ ಹೇಳಿ, ಪದ್ಧತಿಯಂತೆ ಓದಿ ತೋರಿಸಲು ಕುಳಿತೆ. ಅವರು ಗೋಡೆಗೆ ಒರಗಿ ಕುಳಿತಿದ್ದರು. ಕೊರಳಿಗೆ ಬಿಳಿ ಅರಿವೆ. ರೇಡಿಯೋದ ಮಾತಿನಿಂದ ಶುರು ಮಾಡಿದೆ. “ಮಾತಾಡತೈತಿ, ಹಾಡತೈತಿ” ಎಂದು ಓದಿದ ಕೂಡಲೇ ಅವರು ಕೈ ಎತ್ತಿದರು. ನಿಲ್ಲಿಸಿದೆ. ಬಹಳ ಹೊತ್ತು ನಿಲ್ಲಿಸಿದೆನೋ ಏನೋ, ಅವರು ತಲೆ ಅಲ್ಲಾಡಿಸಿದರು. ಮತ್ತೆ ಮೊದಲಿನಿಂದ ಓದಿದೆ. ಈ ಸಲ ಅವರು ಬೆರಳಿನಿಂದ ನೆಲಕ್ಕೆ ಒಂದು ಸಲ ಬಡಿದರು, ಬೆರಳನ್ನು ಗಾಳಿಯಲ್ಲಿ ತಡೆಹಿಡಿದರು, ಆಮೇಲೆ ನನ್ನ ಕಡೆ ತೋರಿಸಿದರು. ಚಹದ ಮಾತು ಅಲ್ಲಿ ಬೀಳಬೇಕಿತ್ತು. ನಾನು ತಡ ಮಾಡಿದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನಾಲ್ಕೈದು ಸಲ ಓದಿದೆ. ಶಬ್ದ ಒಂದೂ ತಪ್ಪಿರಲಿಲ್ಲ. ಅವರು ಪ್ರತಿ ಸಲವೂ ಬೆರಳು ಎತ್ತಿ ಕಾದರು.